ತೆರವಾದ ಕೌನ್ಸಿಲ್ ಸ್ಥಾನವನ್ನು ಮತದಾರರೇ ತುಂಬಲಿ: ಐರ್ಲೆಂಡ್‌ನ ಸ್ಥಳೀಯ ಆಡಳಿತ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಉಡುಪಿ ಜಿಲ್ಲೆಯವಳು. 2019ರಿಂದ ತಮ್ಮ ದೇಶದ ಒಂದು ಕೌಂಟಿ ಪಟ್ಟಣದ ಅಂಚಿನ ಬಡಾವಣೆಯಲ್ಲಿ ಬಾಡಿಗೆಗೆ ಇದ್ದುಕೊಂಡು, ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿಯುತ್ತಿದ್ದೇನೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗೆ ಕಳುಹಿಸಿದ್ದೇನೆ. ಕನ್ನಡದಲ್ಲಿಯೂ ಪ್ರಕಟಿಸುತ್ತಿರುವುದು ಏಕೆಂದರೆ, ಇಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಪೌರತ್ವವಿಲ್ಲದಿದ್ದರೂ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಚುನಾವಣೆಯಲ್ಲಿ ತಮಗೆ ಮತವಿದೆ ಎಂಬುದೇ ತಿಳಿದಿಲ್ಲ. ತಿಳಿದವರಿಗೂ ಆ ಮತಕ್ಕೆ ಆಮೇಲೆ ಏನಾಗುತ್ತದೆ ಎಂಬುದು ಗೊತ್ತಿಲ್ಲ. ನನ್ನ ಬೇಡಿಕೆ ಒಂದೇ: ಕೌನ್ಸಿಲರ್ ಸ್ಥಾನವೊಂದು ನಡುವೆ ತೆರವಾದಾಗ ಅದನ್ನು ರಾಜಕೀಯ ಪಕ್ಷ ತುಂಬುವುದು ನಿಲ್ಲಬೇಕು, ಮತದಾರರೇ ತುಂಬಬೇಕು.

ನನಗೆ ಇರುವುದು ಇದೊಂದೇ ಮತ. ಡಾಯ್ಲ್‌ಗೆ, ಅಂದರೆ ಇಲ್ಲಿನ ಸಂಸತ್ತಿನ ಕೆಳಮನೆಗೆ, ನಾನು ಮತ ಹಾಕುವಂತಿಲ್ಲ, ಯೂರೋಪಿಯನ್ ಪಾರ್ಲಿಮೆಂಟಿಗೂ ಹಾಕುವಂತಿಲ್ಲ. ಭಾರತದಲ್ಲಿ ನನ್ನ ಹೆಸರು ಪಟ್ಟಿಯಲ್ಲಿದ್ದರೂ ಮತದಾನದ ದಿನ ಖುದ್ದಾಗಿ ಮತಗಟ್ಟೆಯಲ್ಲಿ ನಿಂತಿರಬೇಕು. ರಜೆ ಮತ್ತು ವಿಮಾನದ ದುಡ್ಡು ಹೊಂದಿಸಿಕೊಂಡು ಅದು ಒಮ್ಮೆಯೂ ನನ್ನಿಂದ ಆಗಲಿಲ್ಲ. ಐರಿಷ್ ಪೌರತ್ವ ಪಡೆಯಬಹುದಲ್ಲ ಎಂದು ಕೇಳುವವರಿದ್ದಾರೆ. ಭಾರತವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ, ಊರಿನಲ್ಲಿ ತಾಯಿ ಇರುವ ತನಕ ಆ ಪಾಸ್‌ಪೋರ್ಟ್ ಬಿಟ್ಟುಕೊಡುವ ಮನಸ್ಸು ನನಗಿಲ್ಲ. 1974ರ ಸ್ಥಳೀಯ ಚುನಾವಣೆಯಿಂದ ಇಲ್ಲಿ ವಾಸಿಸುವ ಪ್ರತಿಯೊಬ್ಬ ವಯಸ್ಕರಿಗೂ, ಯಾವ ದೇಶದವರೆಂದು ನೋಡದೆ, ಕೌನ್ಸಿಲ್ ಮತವನ್ನು ಕೊಟ್ಟಿರುವುದು ಈ ದೇಶದ ದೊಡ್ಡತನ. ಅದಕ್ಕೆ ನಾನು ಮನಸಾರೆ ಋಣಿ. ಆ ಋಣದ ಭಾವದಿಂದಲೇ 2024ರ ಜೂನ್ 7ರಂದು ರಾತ್ರಿ ಪಾಳಿ ಮುಗಿಸಿ, ನಿದ್ದೆ ಮಾಡದೆ, ನೇರವಾಗಿ ಮತಗಟ್ಟೆಗೆ ಹೋದೆ.

ಇಲ್ಲಿನ ಪ್ರಾಶಸ್ತ್ಯದ ಮತ ನಮಗೆ ಹೊಸದಲ್ಲ. ಕರ್ನಾಟಕದಲ್ಲಿ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದವರೆಲ್ಲ ಹೆಸರುಗಳ ಮುಂದೆ 1, 2, 3 ಎಂದು ಬರೆದವರೇ. ಆದರೆ ಅಲ್ಲಿ ಒಂದೇ ಸ್ಥಾನ. ಇಲ್ಲಿ ನಮ್ಮ ಸ್ಥಳೀಯ ಚುನಾವಣಾ ಕ್ಷೇತ್ರದಿಂದ ಐದು ಮಂದಿ ಆಯ್ಕೆಯಾಗುತ್ತಾರೆ, ಸಿಂಧುವಾದ ಮತಗಳ ಆರನೆಯ ಒಂದು ಪಾಲಿಗಿಂತ ಒಂದು ಮತ ಹೆಚ್ಚಿದ್ದರೆ ಗೆಲುವಿಗೆ ಬೇಕಾದ ಕೋಟಾ ತಲುಪಿದಂತೆ. ನಾನು ಮೊದಲ ಪ್ರಾಶಸ್ತ್ಯವನ್ನು ನಮ್ಮ ಬಾಗಿಲಿಗೆ ಎರಡು ಬಾರಿ ಬಂದು ಮಾತನಾಡಿದ ಅಭ್ಯರ್ಥಿಗೆ, ಎರಡನೆಯದನ್ನು ಪಕ್ಷೇತರರಾಗಿ ನಿಂತಿದ್ದ ನಮ್ಮದೇ ಬಡಾವಣೆಯ ನಿವೃತ್ತ ಶಿಕ್ಷಕಿಗೆ ಕೊಟ್ಟೆ. ಇಬ್ಬರೂ ನನಗೆ ಕೊಟ್ಟಿದ್ದ ಮಾತು ಒಂದೇ ಆಗಿತ್ತು: ಬಸ್ ನಿಲ್ದಾಣದಿಂದ ಬಡಾವಣೆಯವರೆಗೆ ಕಾಲುದಾರಿ.

ಆ ಕಾಲುದಾರಿಯ ಬಗ್ಗೆ ಹೇಳಲೇಬೇಕು. ನಿಲ್ದಾಣದಿಂದ ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ. ಒಂದು ಕಡೆ ಮುಳ್ಳುಬೇಲಿ, ಇನ್ನೊಂದು ಕಡೆ ಚರಂಡಿ, ನಡುವೆ ವಾಹನಗಳು. ಚಳಿಗಾಲದಲ್ಲಿ ನಾನು ಪಾಳಿ ಮುಗಿಸಿ ಬರುವ ಹೊತ್ತಿಗೆ ಇನ್ನೂ ಕತ್ತಲು. ಐದು ವರ್ಷ ಹಾಗೆಯೇ ನಡೆದೆ, ಮಳೆಯಲ್ಲಿ, ಮಂಜಿನಲ್ಲಿ, ಮಗಳನ್ನು ಶಾಲೆಗೆ ಹೊರಡಿಸಲು ತಡವಾಗಬಾರದೆಂದು ಓಡುತ್ತ. ಕಳೆದ ಜನವರಿಯ ಒಂದು ಬೆಳಿಗ್ಗೆ, ಹೊಳೆಯುವ ಹಳದಿ ಜಾಕೆಟ್ ತೊಟ್ಟು, ನಿಯಮದಂತೆ ವಾಹನಗಳಿಗೆ ಎದುರಾಗಿ ಬಲಬದಿಯಲ್ಲೇ ನಡೆಯುತ್ತಿದ್ದ ನನ್ನ ಎಡ ಭುಜಕ್ಕೆ ವ್ಯಾನ್ ಒಂದರ ಕನ್ನಡಿ ಬಡಿಯಿತು. ನಾನು ಚರಂಡಿಗೆ ಬಿದ್ದೆ. ವ್ಯಾನ್ ನಿಲ್ಲಲಿಲ್ಲ. ಕಾಲರ್ ಬೋನ್ ಮುರಿದಿದೆ ಎಂಬುದು ಎದ್ದು ಕೂರಲು ನೋಡಿದಾಗಲೇ ನನಗೆ ತಿಳಿಯಿತು, ಅದೇ ಕೆಲಸದವಳಲ್ಲವೇ. ಫೋನ್ ನೀರಿನಲ್ಲಿತ್ತು. ನಾಯಿಯನ್ನು ತಿರುಗಾಡಿಸಲು ಬಂದ ವೃದ್ಧರೊಬ್ಬರು ನೋಡುವವರೆಗೆ ಆ ಕೆಸರಿನಲ್ಲಿ ಕುಳಿತೇ ಇದ್ದೆ. ಆರು ವಾರ ತೋಳು ಜೋಲಿಯಲ್ಲಿತ್ತು. ಮಗಳ ಜಡೆ ಹೆಣೆಯಲಾಗಲಿಲ್ಲ, ಅನ್ನದ ಪಾತ್ರೆ ಎತ್ತಲಾಗಲಿಲ್ಲ; ಊರಿನಿಂದ ವಿಡಿಯೋ ಕರೆ ಮಾಡುತ್ತಿದ್ದ ಅಮ್ಮನಿಗೆ ಜೋಲಿ ಕಾಣಬಾರದೆಂದು ಮುಖವನ್ನಷ್ಟೇ ತೋರಿಸುತ್ತಿದ್ದೆ.

ಆ ದಿನಗಳಲ್ಲಿ ನಾನು ಮೊದಲ ಪ್ರಾಶಸ್ತ್ಯ ಕೊಟ್ಟಿದ್ದ ಕೌನ್ಸಿಲರರನ್ನು ಹುಡುಕಿದೆ. ಅವರು ಕೌನ್ಸಿಲಿನಲ್ಲಿ ಇರಲಿಲ್ಲ. 2024ರ ನವೆಂಬರ್ 29ರ ಸಾರ್ವತ್ರಿಕ ಚುನಾವಣೆಯಲ್ಲಿ ಅವರು ಡಾಯ್ಲ್‌ಗೆ ಆಯ್ಕೆಯಾಗಿದ್ದರು. ಜೂನ್ 7ರಿಂದ ಆ ದಿನಕ್ಕೆ 175 ದಿನ. ಐದು ವರ್ಷಕ್ಕೆಂದು ಕೊಟ್ಟ ಮತ 175 ದಿನ ಬಾಳಿತು. ಎರಡು ಹುದ್ದೆಗಳನ್ನು ಒಟ್ಟಿಗೆ ಹೊಂದುವಂತಿಲ್ಲವೆಂದು 2003ರ ಕಾನೂನು ಹೇಳಿರುವುದು ಸರಿಯೇ; ಅವರು ಮೇಲೆ ಹೋದದ್ದಕ್ಕೂ ನನ್ನ ಆಕ್ಷೇಪವಿಲ್ಲ. ಅವರ ಜಾಗಕ್ಕೆ ಬಂದವರು ಯಾರು ಎಂಬುದು ನನ್ನ ಪ್ರಶ್ನೆ. ಜೂನ್ ತಿಂಗಳ ಮತಪತ್ರದಲ್ಲಿ ಹಾಗೆ ಬಂದವರ ಹೆಸರೇ ಇರಲಿಲ್ಲ. ಪಕ್ಷದ ಸ್ಥಳೀಯ ಸದಸ್ಯರು ಸೇರಿ ಹೆಸರು ಸೂಚಿಸಿದರು, ಕೌನ್ಸಿಲ್ ಸಭೆ ಅದನ್ನು ಅಂಗೀಕರಿಸಿತು, ಅಲ್ಲಿಗೆ ಮುಗಿಯಿತು. ನಾನು ಕಾಲುದಾರಿಯ ಮಾತೆತ್ತಿದಾಗ ಅವರು ಸೌಜನ್ಯದಿಂದಲೇ ಉತ್ತರಿಸಿದರು: ಆ ಮಾತನ್ನು ಕೊಟ್ಟವರು ತಾವಲ್ಲ ಎಂದು. ಅವರು ಹೇಳಿದ್ದು ನಿಜ. ಅವರು ನನಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ, ಏಕೆಂದರೆ ಅವರು ನನ್ನಿಂದ ಏನನ್ನೂ ಕೇಳಬೇಕಾಗಿರಲಿಲ್ಲ. ಅತ್ತ, ಮಾತು ಕೊಟ್ಟಿದ್ದ ನಿವೃತ್ತ ಶಿಕ್ಷಕಿ ಕೊನೆಯ ಸುತ್ತಿನ ಎಣಿಕೆಯವರೆಗೂ ಉಳಿದು, ಅಲ್ಪ ಅಂತರದಿಂದ ಐದನೆಯ ಸ್ಥಾನ ಕಳೆದುಕೊಂಡಿದ್ದರು. ಸ್ಥಳೀಯ ರೇಡಿಯೋದಲ್ಲಿ ಆ ಎಣಿಕೆಯನ್ನು ನಾನು ಅಡುಗೆಮನೆಯಲ್ಲಿ ನಿಂತು ಕೇಳಿದ್ದೆ. ಸ್ಥಾನ ತೆರವಾದಾಗ ಅವರನ್ನು ಒಂದು ಮಾತು ಕೇಳುವ ದಾರಿಯೂ ಕಾನೂನಿನಲ್ಲಿಲ್ಲ.

ತೆರವಾದ ಸ್ಥಾನಕ್ಕೆ ಪಕ್ಷ ಸೂಚಿಸಿದವರನ್ನು ಸೇರಿಸಿಕೊಳ್ಳುವ 2001ರ ಸ್ಥಳೀಯ ಸರ್ಕಾರ ಕಾಯ್ದೆಯ 19ನೆಯ ಸೆಕ್ಷನ್ ತಮಗೆ ಗೊತ್ತಿದೆ, ನಾನು ಹೆಚ್ಚು ವಿವರಿಸುವುದಿಲ್ಲ. ನನಗೆ ಅರ್ಥವಾಗದಿರುವುದು ಇಷ್ಟು: ಡಾಯ್ಲ್ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಉಪಚುನಾವಣೆಯ ಏರ್ಪಾಡಿದೆ. ಯೂರೋಪಿಯನ್ ಪಾರ್ಲಿಮೆಂಟಿನ ಸ್ಥಾನಕ್ಕಾದರೆ ಬದಲಿ ಹೆಸರುಗಳ ಪಟ್ಟಿಯನ್ನು ಮತದಾನಕ್ಕೆ ಮುಂಚೆಯೇ ಸಲ್ಲಿಸಿರಬೇಕು, ಮತದಾರ ಅದನ್ನು ನೋಡಬಹುದು. ಕೌನ್ಸಿಲ್ ಮತದಾರನಿಗೆ ಮಾತ್ರ ಉಪಚುನಾವಣೆಯೂ ಇಲ್ಲ, ಪಟ್ಟಿಯೂ ಇಲ್ಲ. ನನ್ನಂಥವರಿಗೆ ಮತವಿರುವ ಒಂದೇ ಚುನಾವಣೆಯಲ್ಲಿ ಮತದಾರನನ್ನು ಹೀಗೆ ಬದಿಗಿಡುವುದನ್ನು ನಾನು ಕಾಕತಾಳೀಯವೆಂದುಕೊಂಡು ಸುಮ್ಮನಿರಲಾರೆ. ನಮ್ಮೂರಿನ ಗ್ರಾಮ ಪಂಚಾಯಿತಿಯ ಒಂದು ಸ್ಥಾನ ತೆರವಾದರೂ ಕಾನೂನಿನ ಪ್ರಕಾರ ಉಪಚುನಾವಣೆ ನಡೆಯಬೇಕು. ಕರ್ನಾಟಕದ ಪಂಚಾಯಿತಿ ವ್ಯವಸ್ಥೆಯಲ್ಲಿ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗಳು ಚುನಾವಣೆಯಿಲ್ಲದೆ ವರ್ಷಗಟ್ಟಲೆ ಖಾಲಿ ಬಿದ್ದಿದ್ದನ್ನು ನೋಡಿ ನೊಂದವಳೇ ನಾನು. ಆದರೆ ಖಾಲಿಯಾದ ಸ್ಥಾನವನ್ನು ಪಕ್ಷದ ಕೈಗೆ ಕೊಡುವ ಕಾನೂನನ್ನು ಅಲ್ಲಿ ಯಾರೂ ಮಾಡಿಲ್ಲ.

ಉಪಚುನಾವಣೆ ನಡೆಸಿದರೆ ಪಕ್ಷಗಳಿಗೆ ಮತಕ್ಕೆ ತಕ್ಕಷ್ಟು ಸ್ಥಾನ ಸಿಗುವ ಪ್ರಮಾಣಾನುಗುಣತೆ ಕೆಡುತ್ತದೆ, ಒಂದೇ ಸ್ಥಾನಕ್ಕಾಗಿ ನಡೆಯುವ ಚುನಾವಣೆಯಲ್ಲಿ ದೊಡ್ಡ ಪಕ್ಷ ಸಣ್ಣ ಪಕ್ಷದ ಪಾಲನ್ನು ನುಂಗುತ್ತದೆ ಎಂಬ ವಾದವನ್ನು ಕೇಳಿದ್ದೇನೆ. ಅದು ತಳ್ಳಿಹಾಕುವಂಥದ್ದಲ್ಲ. ಆದರೂ ಪ್ರಾಶಸ್ತ್ಯದ ಮತದ ಇದೇ ಪದ್ಧತಿಯನ್ನು 2007ರಿಂದ ಕೌನ್ಸಿಲ್‌ಗಳಿಗೆ ಬಳಸುತ್ತಿರುವ ಸ್ಕಾಟ್ಲೆಂಡ್ ಉಪಚುನಾವಣೆಯನ್ನೇ ನಡೆಸುತ್ತದೆ. ಅದು ಬೇಡವೆಂದಾದರೆ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾ ರಾಜ್ಯದ ದಾರಿಯಿದೆ: ಬಿಟ್ಟುಹೋದ ಸದಸ್ಯರನ್ನು ಗೆಲ್ಲಿಸಿದ ಮತಪತ್ರಗಳನ್ನೇ ಮತ್ತೆ ತೆಗೆದು, ಆ ಮತದಾರರು ಮುಂದಿನ ಪ್ರಾಶಸ್ತ್ಯವನ್ನು ಯಾರಿಗೆ ಬರೆದಿದ್ದರೋ ಅದರಂತೆ ಎಣಿಸಿ ಸ್ಥಾನವನ್ನು ತುಂಬುತ್ತಾರೆ. ಹೊಸ ಚುನಾವಣೆಯ ಖರ್ಚಿಲ್ಲ, ಗೆದ್ದ ಗುಂಪಿನ ಪಾಲನ್ನು ಬೇರೆಯವರು ಕಸಿಯುವುದೂ ಕಷ್ಟ, ಏಕೆಂದರೆ ನೋಡುವುದು ಆ ಗುಂಪಿನ ಮತಪತ್ರಗಳನ್ನೇ. ನನ್ನ ಮತಪತ್ರದಲ್ಲಿ 2 ಎಂಬ ಅಂಕೆ ಇತ್ತು ಸ್ವಾಮಿ. ಅದನ್ನು ನಾನು ಯೋಚಿಸಿ ಬರೆದಿದ್ದೆ. ಅದನ್ನು ಯಾರೂ ಓದಲಿಲ್ಲ.

1919ರ ಜನವರಿಯಲ್ಲಿ ಸ್ಲೈಗೊ ಪಟ್ಟಣ ಪ್ರಾಶಸ್ತ್ಯದ ಮತದ ಈ ಪದ್ಧತಿಯಲ್ಲಿ ಈ ದೇಶದ ಮೊದಲ ಕೌನ್ಸಿಲ್ ಚುನಾವಣೆ ನಡೆಸಿತು. 1959ರಲ್ಲಿ ಮತ್ತು 1968ರಲ್ಲಿ ಡಾಯ್ಲ್ ಚುನಾವಣೆಯಿಂದ ಇದನ್ನು ತೆಗೆದುಹಾಕಲು ಸರ್ಕಾರ ಹೊರಟಾಗ ಜನ ಎರಡೂ ಬಾರಿ ಬೇಡವೆಂದರು. 2014ರಲ್ಲಿ 80 ಪಟ್ಟಣ ಕೌನ್ಸಿಲ್‌ಗಳನ್ನು ರದ್ದು ಮಾಡಿ ಇಡೀ ದೇಶಕ್ಕೆ 949 ಕೌನ್ಸಿಲರುಗಳನ್ನಷ್ಟೇ ಉಳಿಸಿದ ಮೇಲೆ ಒಂದೊಂದು ಸ್ಥಾನದ ತೂಕವೂ ಹೆಚ್ಚಾಗಿದೆ. ಹೀಗಿರುವಾಗ ಪ್ರತಿ ಸಾರ್ವತ್ರಿಕ ಚುನಾವಣೆಯ ಬೆನ್ನಲ್ಲೇ ಹಲವು ಕೌನ್ಸಿಲ್ ಸ್ಥಾನಗಳು ಮತದಾರರನ್ನು ಕೇಳದೆ ಕೈ ಬದಲಾಯಿಸುವುದು ನ್ಯಾಯವೇ? ನಾನು ಮತ್ತೊಮ್ಮೆ ಕೇಳುತ್ತೇನೆ: ತೆರವಾದ ಸ್ಥಾನವನ್ನು ಮತದಾರರೇ ತುಂಬಲಿ. ಉಪಚುನಾವಣೆಯಿಂದಾಗಲಿ, ಮತಪತ್ರಗಳ ಮರು ಎಣಿಕೆಯಿಂದಾಗಲಿ, ಆಯ್ಕೆ ತಮ್ಮದು. ಮರು ಎಣಿಕೆಯೇ ಆದರೆ ಐದು ವರ್ಷದ ಅವಧಿ ಮುಗಿಯುವವರೆಗೆ ಮತಪತ್ರಗಳನ್ನು ಕಾಪಾಡಿಡುವ ನಿಯಮವನ್ನೂ ಜೊತೆಗೇ ತನ್ನಿ. 2029ರ ಚುನಾವಣೆಗೆ ಮೊದಲು 19ನೆಯ ಸೆಕ್ಷನ್ನಿಗೆ ತಿದ್ದುಪಡಿ ತನ್ನಿ, ಈ ಪ್ರಶ್ನೆಯನ್ನು ಚುನಾವಣಾ ಆಯೋಗದ ಅಧ್ಯಯನಕ್ಕೆ ಈಗಲೇ ಒಪ್ಪಿಸಿ.

ಭುಜ ಕೂಡಿಕೊಂಡಿದೆ, ಚಳಿ ಹೆಚ್ಚಾದಾಗ ಮಾತ್ರ ನೋಯುತ್ತದೆ. ಅದೇ ರಸ್ತೆಯಲ್ಲಿ, ಅದೇ ಕತ್ತಲಿನಲ್ಲಿ ಈಗಲೂ ನಡೆಯುತ್ತಿದ್ದೇನೆ, ಕಾಲುದಾರಿ ಇನ್ನೂ ಬಂದಿಲ್ಲ. ನಮ್ಮ ಬಡಾವಣೆಗೆ ಬಂದು ಈ ರಸ್ತೆಯನ್ನು ನೋಡಿ ಎಂದು ನಾನು ತಮ್ಮನ್ನು ಕರೆಯುತ್ತಿಲ್ಲ, ಅದು ಕೌನ್ಸಿಲರ್ ಮಾಡಬೇಕಾದ ಕೆಲಸ. ನನ್ನ ಕೌನ್ಸಿಲರ್ ಯಾರಾಗಬೇಕೆಂದು ಹೇಳುವ ಹಕ್ಕನ್ನು ನನಗೆ ಕೊಡಿಸಿ. ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇತಿ,
ಸ್ಥಳೀಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಒಬ್ಬ ಕನ್ನಡತಿ