ಹಿಂಭಾರ ಆಗಿತ್ತು ಅಪ್ಪಾ

ಸ್ಟುಟ್‌ಗಾರ್ಟ್
ಭಾನುವಾರ ರಾತ್ರಿ

ಅಪ್ಪನಿಗೆ ಶರಣು ಶರಣಾರ್ಥಿ.

ಅವ್ವನ ಮೊಣಕಾಲು ನೋವು ಹೇಗಿದೆ? ಸೋಯಾ ರಾಶಿ ಮುಗಿಯಿತಾ? ನಾನು ಆರಾಮ ಇದ್ದೇನೆ. ಫೋನಿನಲ್ಲಿ "ವಿಮಾನ ಯಾಕ ಬಿತ್ತು?" ಅಂತ ಕೇಳಿದಿರಿ, ಅರ್ಧ ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಈ ಪತ್ರ.

ನಾನು ಕೊಂಡಿದ್ದು ರಿಮೋಟಿನಿಂದ ಹಾರಿಸುವ ಹಾಕ್ ಜೆಟ್ಟಿನ ಮಾಡೆಲ್. ಮೈಯೆಲ್ಲ ಫೋಮು, ಹೊಟ್ಟೆಯೊಳಗೆ ಬ್ಯಾಟರಿಯಿಂದ ತಿರುಗುವ ಫ್ಯಾನು. ನಮ್ಮ ಹೊಲದಲ್ಲಿ ನಿಂತು ಏರ್‌ಫೋರ್ಸಿನ ಸೂರ್ಯಕಿರಣ ತಂಡದ ಒಂಬತ್ತು ವಿಮಾನ ನೋಡುತ್ತಿದ್ದೆವಲ್ಲ, ಅದೇ ಹಾಕ್, ಅದೇ ಕೆಂಪು ಬಿಳಿ ಬಣ್ಣ. ಹೊಸಬರಿಗೆ ಜೆಟ್ ಬೇಡ ಅಂತ ಇಲ್ಲಿಯವರು ಹೇಳಿದ್ದರು. ಬೀದರಿನವನು ಕೇಳಬೇಕಲ್ಲ!

ಇದಕ್ಕೂ ನಮ್ಮ ಕಬ್ಬಿನ ಬಂಡಿಯದೇ ಲೆಕ್ಕ. ಮುಂಭಾರ ಆದರೆ ಎತ್ತಿನ ಹೆಗಲಿಗೆ ತ್ರಾಸು, ಆದರೂ ಹೇಗೋ ಮನೆ ಮುಟ್ಟುತ್ತೇವೆ. ಹಿಂಭಾರ ಆದರೆ ನೊಗ ಮೇಲೆದ್ದು ಜತ್ತಿಗೆ ಪಟ್ಟಿ ಕುತ್ತಿಗೆಗೆ ಬಿಗಿಯುತ್ತದೆ. ಇಲ್ಲಿ ಒಂದು ಮಾತಿದೆ: ಮೂಗು ಭಾರದ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರದ್ದು ಒಂದೇ ಸಲ ಹಾರುತ್ತದೆ. ನನ್ನದು ಒಂದೇ ಸಲದ್ದು. ಬಿಟ್ಟ ಕೂಡಲೇ ಮೂಗೆತ್ತಿತು, ರಿಮೋಟಿನ ಕಡ್ಡಿ ಮುಂದೆ ಒತ್ತಿದರೂ ಕೇಳಲಿಲ್ಲ, ಮಗ್ಗುಲಾಗಿ ಬಿತ್ತು.

ತಪ್ಪು ನನ್ನದೇ. ಭಾರ ಸಮ ನಿಲ್ಲಬೇಕಾದ ಜಾಗಕ್ಕೆ ಸಿ.ಜಿ. ಅಂತಾರೆ. ರೆಕ್ಕೆಯ ಬುಡದಲ್ಲಿ, ಮುಂದಿನ ಅಂಚಿನಿಂದ 85 ಮಿ.ಮೀ. ಹಿಂದೆ ಅಂತ ಪುಸ್ತಕದಲ್ಲಿತ್ತು. ಬುಡದಲ್ಲಿ ಬೆರಳಿಟ್ಟು ಎತ್ತಲು ಇಕ್ಕಟ್ಟು. ಸುಮ್ನೆ ರೆಕ್ಕೆಯ ತುದಿಯ ಕಡೆಗೆ 6 ಸೆಂ.ಮೀ. ಸರಿದು, ಅಲ್ಲಿನ ಅಂಚಿನಿಂದ 85 ಅಳೆದೆ. ಜೆಟ್ಟಿನ ರೆಕ್ಕೆ ಹಿಂದಕ್ಕೆ ಬಾಗಿರುತ್ತದೆ ಅಲ್ವಾ? ಅಷ್ಟರಲ್ಲೇ ಅಂಚು ಸುಮಾರು 3 ಸೆಂ.ಮೀ. ಹಿಂದೆ ಹೋಗಿತ್ತು. ನನ್ನ ಗುರುತೂ ಅದರ ಜೊತೆ ಹಿಂದೆ ಹೋಯಿತು. ಆ ಗುರುತಿನ ಮೇಲೆ ಎತ್ತಿದರೆ ಮೂಗು ಭಾರ ಕಂಡಿತು, ಜಾಣನ ಹಾಗೆ ಬ್ಯಾಟರಿಯನ್ನು 10 ಸೆಂ.ಮೀ. ಹಿಂದಕ್ಕೆ ತಳ್ಳಿದೆ. ಒಟ್ಟು 2 ಕಿಲೋ ವಿಮಾನದಲ್ಲಿ ಬ್ಯಾಟರಿಯೇ 600 ಗ್ರಾಂ. ಅದು 10 ಸರಿದರೆ ಇಡೀ ವಿಮಾನದ ಸಿ.ಜಿ. 3 ಸರಿಯುತ್ತದೆ. ಲೆಕ್ಕ ಪಕ್ಕಾ ಇತ್ತು, ಗುರುತು ಮಾತ್ರ ಸುಳ್ಳು.

ಮೂಗು ಅಂಟಿಸಲು ಎರಡು ಸಂಜೆ ಹಿಡಿಯಿತು. ಈ ಸಲ ಹಲಗೆಗೆ ಎರಡು ಕಡ್ಡಿ ನೆಟ್ಟು, ತುದಿಗೆ ರಬ್ಬರ್ ಹಾಕಿದೆ. ಬುಡದಿಂದಲೇ ಅಳೆದು, ಅದೇ ಸಾಲಿನಲ್ಲಿ ಎರಡೂ ರೆಕ್ಕೆಗೆ ನೇರ ಗೆರೆ ಎಳೆದೆ. ಬ್ಯಾಟರಿ ಹಾಕಿ, ಗಾಲಿ ಒಳಗೆ ಮಡಚಿ, ಬೋರಲು ಮಾಡಿ, ಗೆರೆಗಳು ಆ ಕಡ್ಡಿಗಳ ಮೇಲೆ ಬರುವಂತೆ ಕೂರಿಸಿದೆ. ರೆಕ್ಕೆ ಕೆಳಗಿರುವ ವಿಮಾನ ನೆಟ್ಟಗಿಟ್ಟರೆ ಮಗುಚುತ್ತದೆ, ಬೋರಲಿಟ್ಟರೆ ನಿಲ್ಲುತ್ತದೆ. ಬ್ಯಾಟರಿಯನ್ನು ಬೆರಳಗಲ ಬೆರಳಗಲ ಮುಂದೆ ತಂದೆ. ಒಂದು ಕಡೆ ಬಾಲ ಮೆಲ್ಲಗೆ ಎದ್ದು, ಅವ್ವ ಸಂತೆಯಲ್ಲಿ ಹಿಡಿಯುವ ತಕ್ಕಡಿಯ ಹಾಗೆ ತೂಗಿ ನಿಂತಿತು.

ನಿನ್ನೆ ನಾಲ್ಕು ನಿಮಿಷ ಹಾರಿತು! ಹಾರುವಾಗ ಮೂಗು ತುಸು ಭಾರ ಅನ್ನಿಸಿತು, ಸದ್ಯ ಹಾಗೇ ಇರಲಿ. ಇಳಿಸುವಾಗ ಮುಂದಿನ ಗಾಲಿ ಮುರಿಯಿತು, ಅದು ಹತ್ತು ನಿಮಿಷದ ಕೆಲಸ.

ವಿಮಾನ ಊರಿಗೆ ತಾ ಅಂತ ತಮ್ಮ ಗಂಟು ಬಿದ್ದಿದ್ದಾನೆ. ಏರ್‌ಫೋರ್ಸಿನವರ ಮಗ್ಗುಲಲ್ಲಿ ಇದನ್ನು ಹಾರಿಸಲು ಆಗುವುದಿಲ್ಲ ಅಂತ ನೀವೇ ಹೇಳಿ. ನನ್ನ ಮಾತು ಅವನು ಕೇಳಲ್ಲ.

ನಿಮ್ಮ ಮಗ