ಗುರಾಣಿಯ ಚುಕ್ಕಿ ಮತ್ತು ಹೊಸ ದರದ ಬಗ್ಗೆ

ನಮ್ಮ ಗಿರಾಕಿಗಳಿಗೆ ಶರಣು.

ಬರುವ ತಿಂಗಳ 1ನೇ ತಾರೀಖಿನಿಂದ ಎರಡು ಬದಲಾವಣೆ. ನಾವು ಎರಕ ಹೊಯ್ದು ಬಣ್ಣ ಹಚ್ಚುವ ಪುಟ್ಟ ಸೈನಿಕ ಬೊಂಬೆಗಳ ಪೈಕಿ ಮ್ಯಾಸಿಡೋನಿಯನ್ (ಅಲೆಕ್ಸಾಂಡರನ ನಾಡಿನ) ಕಾಲಾಳುಗಳ ಗುರಾಣಿಯ ಚಿತ್ರವನ್ನು ಇನ್ನು ಕೈಯಿಂದ ಬರೆಯುವುದಿಲ್ಲ, ಅಚ್ಚಿನದನ್ನು ಕೂರಿಸುತ್ತೇವೆ. ಬಣ್ಣ ಹಚ್ಚಿದ 28 ಮಿ.ಮೀ. ಅಳತೆಯ 24 ಆಳಿನ ಫ್ಯಾಲಂಕ್ಸ್ (ಉದ್ದ ಈಟಿ ಹಿಡಿದು ಒತ್ತೊತ್ತಾಗಿ ಸಾಲುಗಟ್ಟಿದ) ತುಕಡಿ 6,200 ರೂಪಾಯಿ ಇದ್ದದ್ದು 6,900 ಆಗುತ್ತದೆ. ಈ ಪತ್ರ ಬರೆಯುವ ಮೊದಲೇ ಸುದ್ದಿ ಊರೆಲ್ಲ ಹಬ್ಬಿದೆ. ಹದಿನೈದು ದಿನದಿಂದ ಫೋನ್ ಎತ್ತಿದರೆ ಒಂದೇ ಮಾತು: "ಏನ್ರೀ, ಸ್ಟಿಕರ್ ಹಚ್ಚತೀರಿ, ಮ್ಯಾಲ ರೇಟೂ ಏರಸ್ತೀರಿ?"

ಮೊದಲಿಗೆ, ಅದು ಸ್ಟಿಕರ್ ಅಲ್ಲ. ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕೂರಿಸುವ ತೆಳು ಪದರ. ಪದರ ಚಪ್ಪಟೆ, ಗುರಾಣಿ ಉಬ್ಬು. ಅಂಚಿಗೆ ಸುಕ್ಕು ಬೀಳದಂತೆ ಬ್ಲೇಡಿನಿಂದ ಸಣ್ಣಗೆ ಸೀಳಬೇಕು, ಮೆದು ಮಾಡುವ ದ್ರಾವಣ ಎರಡು ಸಲ ಹಚ್ಚಬೇಕು, ಒಣಗಿದ ಮೇಲೆ ವಾರ್ನಿಶ್ ಹೊಡೆಯಬೇಕು. ಅಸಲಿ ಗುರಾಣಿ 65–70 ಸೆಂ.ಮೀ. ಅಗಲದ್ದು, ನಮ್ಮ ಮೇಜಿನ ಮೇಲೆ ಅದು ಅಂಗಿ ಗುಂಡಿಯಷ್ಟು. ನಡುವೆ ನಕ್ಷತ್ರದಂಥ ಚುಕ್ಕಿ, ಸುತ್ತ ಅರ್ಧಚಂದ್ರದಂಥ ಕಮಾನು, ಕಮಾನಿನೊಳಗೆ ಬೊಟ್ಟು. ಒಂದು ಗುರಾಣಿಗೆ ನಮ್ಮಲ್ಲಿ ಚಿತ್ರ ಬರೆಯುವ ಕಾಕಾಗೆ 20 ನಿಮಿಷ ಹಿಡಿಯುತ್ತಿತ್ತು. ಒಂದು ತುಕಡಿಗೆ 8 ತಾಸು, ಬರೀ ಗುರಾಣಿಗೆ.

ಕಾಕಾ ನಿಮಗೆಲ್ಲ ಗೊತ್ತಿರುವವರೇ. ಗಣಪತಿಗೆ ಕಣ್ಣು ಬರೆದ ಕೈ ಅದು. ಈ ಸಲ ಚೌತಿ ಮುಗಿಸಿ ಬಂದವರು ಎರಡು ದಿನ ಕೂತು ಭೂತಗನ್ನಡಿ ಕೆಳಗಿಟ್ಟರು. "ಚುಕ್ಕಿ ಎರಡೆರಡು ಕಾಣಾಕತ್ತಾವಪಾ" ಅಂದರು. ಕಣ್ಣಿನ ಡಾಕ್ಟರು ದಿನಕ್ಕೆ ಒಂದು ತಾಸಿನ ಮೇಲೆ ಈ ಕೆಲಸ ಬೇಡ ಎಂದಿದ್ದಾರೆ. ಇಷ್ಟಾದ ಮೇಲೂ "ಕೈಬರಹಾನ ಬೇಕು" ಅನ್ನುವವರಿಗೆ ನಾವೇನು ಹೇಳಬೇಕು?

ಒಂದು ಸಮಾಧಾನವಿದೆ. ಅಚ್ಚಿಗೆ ಹೋದ ಆರು ಬಗೆಯ ಚುಕ್ಕಿಗಳನ್ನು ಕಾಕಾ ಅವರೇ ದೊಡ್ಡ ಹಾಳೆಯ ಮೇಲೆ ಬರೆದುಕೊಟ್ಟಿದ್ದಾರೆ. ಹಾಗಾಗಿ ಇಡೀ ಸಾಲು ಒಂದೇ ಠಸ್ಸೆ ಹೊಡೆದಂತೆ ಕಾಣುವುದಿಲ್ಲ. ಗದುಗಿನಲ್ಲಿ ಮುದ್ರಣ ಮಾಡಿಸಿದೆವು. ಮೊದಲ ಕಂತಿನಲ್ಲಿ ಹಳದಿಯ ಕೆಳಗೆ ಬಿಳಿ ಮಸಿ ಬೇಕೆಂದು ನಾವು ಹೇಳಲಿಲ್ಲ. ಕಂಚಿನ ಬಣ್ಣದ ಮೇಲೆ ಕೂರಿಸಿದ ಕೂಡಲೇ ಚುಕ್ಕಿ ಮಾಯ! ಅಷ್ಟೂ ಹಾಳೆ ಕಸಕ್ಕೆ ಹೋಯಿತು. ತಪ್ಪು ನಮ್ಮದೇ, ಆ ಖರ್ಚನ್ನು ನಿಮ್ಮ ಮೇಲೆ ಹಾಕಿಲ್ಲ.

ಹಾಗಾದರೆ 700 ರೂಪಾಯಿ ಯಾತಕ್ಕೆ? ಸೀಸ ಬಿಟ್ಟು ತವರದ ಎರಕಕ್ಕೆ ಬಂದಿದ್ದೇವೆ. ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಅದನ್ನು ಕೇಳಿದವರು ನೀವೇ. ತವರ ಸೀಸದ ದರಕ್ಕೆ ಸಿಗುವ ಸರಕಲ್ಲ. ಬಣ್ಣದ ಬಾಟಲಿ ಹೊರದೇಶದ್ದು, ಅದರ ಸುಂಕ ನಮ್ಮ ಕೈಯಲ್ಲಿಲ್ಲ. ಇನ್ನು ಸಾರಿಸ್ಸಾ, ಅಂದರೆ ಈ ಕಾಲಾಳುಗಳ ಉದ್ದನೆಯ ಈಟಿ. ಪ್ರಾಚೀನ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಹೇಳುವ 14 ಮೊಳದ ಈಟಿ 6 ಮೀಟರಿಗೂ ಉದ್ದ, ನಮ್ಮ ಅಳತೆಯಲ್ಲಿ ನಾಲ್ಕು ಇಂಚು. ಎರಕದ ಈಟಿ ಕೊರಿಯರ್‌ನಲ್ಲಿ ಹೋಗಿ ತಲುಪುವಷ್ಟರಲ್ಲಿ ಶಾವಿಗೆಯಂತೆ ಬಾಗಿರುತ್ತಿತ್ತು. ಈಗ ಒಂದೊಂದನ್ನೂ ಸ್ಟೀಲ್ ತಂತಿ ಕತ್ತರಿಸಿ, ತುದಿ ಬಡಿದು, ಅರ ಹಾಕಿ ಮಾಡುತ್ತೇವೆ. ಅದಕ್ಕೆ ಇಲ್ಲಿಯವರೆಗೆ ಬಿಡಿಗಾಸು ಕೇಳಿರಲಿಲ್ಲ. "ಬೊಂಬಿಗೆ ಇಷ್ಟ್ಯಾಕ್ರೀ?" ಅನ್ನುವವರು ಒಂದು ಸಂಜೆ ಬಂದು 24 ಈಟಿಗೆ ಅರ ಹಾಕಿ ನೋಡಲಿ. ಚಹಾ ನಮ್ಮದು.

ಸಿಟ್ಟಿನಲ್ಲಿ ಬರೆದೆ, ತಪ್ಪು ತಿಳಿಯಬೇಡಿ. ಕ್ಷಮೆ ಕೇಳುವ ವಿಷಯವೂ ಒಂದಿದೆ. ಆಷಾಢದಲ್ಲಿ ಕಳಿಸಿದ ಕೆಲವು ತುಕಡಿಗಳಿಗೆ ಬಿಳಿ ಮಂಜು ಹಿಡಿದಿದೆ. ಮಳೆಯ ಥಂಡಿಯಲ್ಲಿ ವಾರ್ನಿಶ್ ಹೊಡೆಯಬಾರದೆಂದು ಗೊತ್ತಿದ್ದೂ, ಗಡುವಿಗೆ ಹೆದರಿ ಹೊಡೆದೆವು. ಅವನ್ನು ವಾಪಸ್ ಕಳಿಸಿ, ಸರಿ ಮಾಡಿ ಕೊಡುತ್ತೇವೆ. ಹೋಗಿಬರುವ ಕೊರಿಯರ್ ಖರ್ಚೂ ನಮ್ಮದು. ಇನ್ನು ಮುಂದೆ ಜೂನ್‌ನಿಂದ ಆಗಸ್ಟ್‌ವರೆಗೆ ತಡ ಆದರೆ ಬೈಯಬೇಡಿ.

ಯುದ್ಧದಾನೆ ಬೊಂಬೆಗಳ ದರ ಏರಿಸಿಲ್ಲ, ಅವುಗಳ ಕೆಲಸ ಪೂರ್ತಿ ಕೈಯದೇ. ಈಜಿಪ್ಟಿನ ರಾಜ ಟಾಲೆಮಿಯ ಆನೆ ಸಿರಿಯಾದ ರಾಜ ಆಂಟಿಯೋಕಸ್‌ನ ಆನೆಗಿಂತ ಗಿಡ್ಡ ಯಾಕೆ ಎಂದು ಕೇಳಿದವರಿಗೆ: ಅದು ಎರಕದ ದೋಷವಲ್ಲ. ಕ್ರಿ.ಪೂ. 217ರ ರಾಫಿಯಾ ಕದನದಲ್ಲಿ ಟಾಲೆಮಿಯ 73 ಆಫ್ರಿಕನ್ ಆನೆಗಳಲ್ಲಿ ಹೆಚ್ಚಿನವು ಎದುರಿನ 102 ಭಾರತೀಯ ಆನೆಗಳ ಗಾತ್ರಕ್ಕೆ, ವಾಸನೆಗೆ, ಘೀಳಿಗೆ ಬೆದರಿದವು ಎಂದು ಪಾಲಿಬಿಯಸ್ ಬರೆದಿದ್ದಾನೆ. ನಮ್ಮ ಕಡೆಯ ಆನೆ ದೊಡ್ಡದಾಗಿ ಕಂಡರೆ ನಮಗೇನೂ ಬೇಜಾರಿಲ್ಲ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರ, ಹಳೆಯ ಕೈಬರಹ. ಕಾಕಾ ತಾವೇ ಮಾತು ಕೊಟ್ಟಿದ್ದಾರೆ, ನಿಧಾನಕ್ಕೆ ಮುಗಿಸುತ್ತಾರೆ. ಹೊಸಬರಲ್ಲಿ ಕೈಬರಹ ಬೇಕೇ ಬೇಕು ಅನ್ನುವವರಿಗೆ ತುಕಡಿಯ ಎದುರು ಸಾಲಿನ 8 ಗುರಾಣಿ ಮಾತ್ರ, ತಿಂಗಳಿಗೆ ಒಬ್ಬರಿಗೆ. ಹೆಸರು ಬರೆಸಲು ಶನಿವಾರ ಸಂಜೆ ಅಂಗಡಿಗೆ ಬನ್ನಿ. ಫೋನಿನಲ್ಲಿ ಬರೆದುಕೊಳ್ಳುವುದಿಲ್ಲ, ಹೋದ ಸಲ ಅದರಿಂದಲೇ ಜಗಳ ಆಯಿತು.

ನಿಮ್ಮ,
ಅಂಗಡಿಯವರು, ಹುಬ್ಬಳ್ಳಿ