ಸರದಿಯಲ್ಲಿ ಕೂತು ಒಂದು ಕಟಿಂಗ್: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಟಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ನಾಳೆ ಬೆಳಗ್ಗೆಯೇ ನಾಲ್ಕು ಜನ 'ಊರ ಮರ್ಯಾದೆ ತೆಗೆದೆಯಲ್ಲೋ' ಎಂದು ಜಗಳಕ್ಕೆ ಬರುತ್ತಾರೆ. ನಾಡಿದ್ದು ಅವರಿಗೇ ನಾನು ಗಡ್ಡ ಮಾಡಬೇಕು. ಸಿಟ್ಟಾದವರ ಗಂಟಲ ಹತ್ತಿರ ಬ್ಲೇಡ್ ಹಿಡಿದು ನಿಲ್ಲೋದು ಇಬ್ಬರಿಗೂ ಒಳ್ಳೆಯದಲ್ಲ.

ಹೋದ ತಿಂಗಳು ತಾಲ್ಲೂಕಿನಲ್ಲಿ ಸೌಹಾರ್ದ ಸಭೆ ನಡೆಯಿತು. ಹಿಂದಿನ ಸಾಲಿನಲ್ಲಿ ನಾನೂ ಇದ್ದೆ. ತಾವು ಚೆನ್ನಾಗಿ ಮಾತಾಡಿದಿರಿ. ಎರಡು ಮಾತು ನನ್ನ ತಲೆಯಲ್ಲಿ ಉಳಿದವು. 'ಸಮಾಜ ಬದಲಾಗಬೇಕಾದರೆ ಮೊದಲು ನಾವು ಬದಲಾಗಬೇಕು' ಅನ್ನೋದು ಒಂದು. 'ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು' ಅನ್ನೋದು ಇನ್ನೊಂದು. ಮೊದಲನೆಯದು ನಿಜ, ಆದರೆ ಅದು ಹೇಗೆ ಅಂತ ತಾವು ಹೇಳಲಿಲ್ಲ. ಎರಡನೆಯದು ತಪ್ಪು. ಯಾಕೆ ಅಂತ ಹೇಳಲಿಕ್ಕೆ ಈ ಪತ್ರ.

ನಮ್ಮಪ್ಪನಿಗೆ ಅಂಗಡಿ ಇರಲಿಲ್ಲ. ಒಂದು ಚೀಲ ಇತ್ತು. ಕತ್ತರಿ, ಕತ್ತಿ, ಸಾಣೆ ಕಲ್ಲು, ಹಲ್ಲು ಮುರಿದ ಬಾಚಣಿಗೆ. ಮನೆ ಮನೆಗೆ ಹೋಗಿ ಕೆಲಸ ಮಾಡಿ ಬರುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಆಯ ಕೊಡುತ್ತಿದ್ದರು, ಜೋಳವೋ ಸಜ್ಜೆಯೋ. ಗೌಡರ ಮನೆಯಲ್ಲಿ ಅವನ ಜಾಗ ಬೇವಿನ ಗಿಡದ ಕೆಳಗೆ. ಹೊಸ್ತಿಲು ದಾಟುವ ಹಾಗಿರಲಿಲ್ಲ. ಕ್ಷೌರ ಮುಗಿದ ಮೇಲೆ ಅವರು ಯಾರನ್ನೂ ಮುಟ್ಟದೆ ಸೀದಾ ಬಚ್ಚಲಿಗೆ ಹೋಗುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೇ ನಮ್ಮ ಮುಖ ನೋಡಿದರೆ ಕೆಲಸ ಕೆಡುತ್ತದೆ ಅನ್ನೋರೂ ಇದ್ದರು. ನಮ್ಮ ಕಸುಬಿನ ಹೆಸರನ್ನು ಜನ ಇವತ್ತಿಗೂ ಬೈಗುಳದ ಹಾಗೆ ಬಳಸುತ್ತಾರೆ. ತಾವೂ ಒಮ್ಮೆಯಾದರೂ ಬಳಸಿರಬಹುದು. ಸಿಟ್ಟಿಲ್ಲ, ಸುಮ್ನೆ ಹೇಳಿದೆ.

ನಾವು ಹಡಪದ ಅಪ್ಪಣ್ಣನವರ ಹೆಸರು ಹೇಳಿಕೊಂಡು ಬದುಕುವ ಜನ. ಬಸವಣ್ಣನವರ ಪಕ್ಕದಲ್ಲೇ ಇದ್ದ ಶರಣ ಅವರು. ಅಂಥವರ ಹೆಸರು ಹೇಳುವ ನಾನು 1996ರಲ್ಲಿ ಏನು ಮಾಡಿದೆ, ಕೇಳಿ.

ಆಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲೇ ಇತ್ತು. ನಾನು ಹೊಸದಾಗಿ ಅಂಗಡಿ ಹಾಕಿದ್ದೆ. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಬೆಂಚು. ಏಳನೇ ಕ್ಲಾಸಿನವರೆಗೆ ನನ್ನ ಪಕ್ಕ ಕೂತು ಓದಿದ ಗೆಳೆಯ ಒಬ್ಬ ಬಂದ. ದಲಿತರ ಕೇರಿಯವನು. ಮರುದಿನ ರಾಯಚೂರಿನಲ್ಲಿ ಅವನಿಗೆ ನೌಕರಿಯ ಸಂದರ್ಶನ. ಬೆಂಚಿನ ಮೇಲೆ ಮೂವರು ಕೂತಿದ್ದರು, ನನ್ನನ್ನೇ ನೋಡುತ್ತಿದ್ದರು. ನಾನು ಅಂದೆ: 'ಕತ್ರಿ ಮೊಂಡಾಗೈತಪಾ, ನಾಳೆ ಬಾ.'

ಆ ಕತ್ತರಿ ನನ್ನ ಕೈಯಲ್ಲೇ ಇತ್ತು. ಕುರ್ಚಿಯಲ್ಲಿದ್ದವನ ಅರ್ಧ ತಲೆ ಕತ್ತರಿಸಿ ಆಗಿತ್ತು. ಗೆಳೆಯ ಒಂದು ಮಾತೂ ಆಡಲಿಲ್ಲ. ಬಸ್ ಹತ್ತಿ ತಾಲ್ಲೂಕಿಗೆ ಹೋಗಿ ಕಟಿಂಗ್ ಮಾಡಿಸಿಕೊಂಡ. ಹೋಗಲಿಕ್ಕೆ ಬರಲಿಕ್ಕೆ 28 ಕಿಲೋಮೀಟರ್.

ಇದರಲ್ಲಿ ನನಗೆ ಇವತ್ತಿಗೂ ಅರ್ಥವಾಗದ್ದು ಒಂದಿದೆ. ನನ್ನನ್ನು ಹೊಸ್ತಿಲ ಒಳಗೆ ಬಿಡದವರ ಮುಖ ನೋಡಿ ನಾನು ಇನ್ನೊಬ್ಬನನ್ನು ಹೊರಗೆ ನಿಲ್ಲಿಸಿದೆ. ಅವರು ಬಾಯಿಬಿಟ್ಟು ಹೇಳಲೂ ಇಲ್ಲ. ಹೇಳಬಹುದು ಅಂತ ನಾನೇ ಊಹಿಸಿಕೊಂಡೆ. ಆಮೇಲೆ ಕೇರಿಯವರು ಯಾರೂ ಬರಲೇ ಇಲ್ಲ. 'ನಾನೆಲ್ಲಿ ಬೇಡ ಅಂದೆ, ಅವರೇ ಬರಲ್ಲ' ಎಂದು ಇಪ್ಪತ್ತೇಳು ವರ್ಷ ಹೇಳಿಕೊಂಡು ತಿರುಗಿದೆ. ಆರಾಮಾಗಿ ನಿದ್ದೆನೂ ಮಾಡಿದೆ.

ನನ್ನನ್ನು ಎಬ್ಬಿಸಿದ್ದು ಭಾಷಣ ಅಲ್ಲ, ಒಂದು ಟ್ರಿಮ್ಮರ್. ನನ್ನ ಮಗ ಗಂಗಾವತಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಅಲ್ಲಿ ಹುಡುಗರು ದುಡ್ಡು ಹಾಕಿ ಒಂದು ಟ್ರಿಮ್ಮರ್ ತಂದಿದ್ದರು. ಭಾನುವಾರ ಬಂತೆಂದರೆ ಒಬ್ಬರ ತಲೆ ಒಬ್ಬರು ಕತ್ತರಿಸೋದು. ಎಲ್ಲ ಜಾತಿಯ ಹುಡುಗರು. ಅದರಲ್ಲಿ ಕ್ಷೌರಿಕರ ಮಗ ನನ್ನವನೊಬ್ಬನೇ, ಎಲ್ಲರಿಗಿಂತ ಕೆಟ್ಟದಾಗಿ ಕತ್ತರಿಸುತ್ತಿದ್ದವನೂ ಅವನೇ. 2023ರ ದಸರಾ ರಜೆಗೆ ರೂಮಿನ ಗೆಳೆಯನನ್ನು ಮನೆಗೆ ಕರೆದುಕೊಂಡು ಬಂದ. ಆ ಹುಡುಗನ ತಲೆ ನೋಡಿದರೆ ಮೇಕೆ ಮೇಯ್ದ ಹೊಲ ಇದ್ದ ಹಾಗಿತ್ತು. 'ಅಪ್ಪಾ, ಇದನ್ನ ಸ್ವಲ್ಪ ಸರಿ ಮಾಡು' ಅಂದ ಮಗ.

ಹುಡುಗ ಬೇರೆ ಊರಿನವನು. ಯಾವ ಓಣಿಯವನು ಅಂತ ನನಗೆ ಗೊತ್ತಾಗಿತ್ತು. ನಮ್ಮ ಕಡೆ ಅದು ಗೊತ್ತಾಗದೆ ಇರುತ್ತದಾ, ಊಟಕ್ಕೆ ಕೂರುವ ಮೊದಲೇ ಯಾರೋ ಒಬ್ಬರು 'ಯಾರ ಪೈಕಿ?' ಅಂತ ಕೇಳಿರುತ್ತಾರೆ. ಬೆಂಚಿನ ಮೇಲೆ ಆವತ್ತೂ ಜನ ಇದ್ದರು. ಮಗ ನನ್ನನ್ನೇ ನೋಡುತ್ತಾ ನಿಂತಿದ್ದ. ಹುಡುಗ ಕುರ್ಚಿಯಲ್ಲಿ ಕೂತೇಬಿಟ್ಟ. ಕೆಲಸ ಮಾಡಿದೆ. ಹದಿನೈದು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕೈ ಅಷ್ಟು ನಡುಗುತ್ತಿತ್ತು. ಧೈರ್ಯ ಬಂದು ಮಾಡಿದ್ದಲ್ಲ ಶಾಸಕರೇ, ಮಗನ ಎದುರು ಇನ್ನೊಂದು ಸಲ 'ಕತ್ರಿ ಮೊಂಡಾಗೈತಿ' ಅನ್ನಲಿಕ್ಕೆ ನಾಲಿಗೆ ಏಳಲಿಲ್ಲ, ಅಷ್ಟೇ.

ಮುಂದಿನ ವಾರ ನಮ್ಮೂರ ಕೇರಿಯ ಇಬ್ಬರು ಹುಡುಗರು ಬಂದರು. ಅವರಿಗೂ ಮಾಡಿದೆ. ಅವತ್ತಿನಿಂದ ಬೆಂಚು ಖಾಲಿ.

ಬಹಿಷ್ಕಾರ ಹಾಕಿದ್ದೇವೆ ಅಂತ ಯಾರೂ ಬರೆದು ಕೊಡಲ್ಲ. ಸುಮ್ನೆ ಬರೋದು ನಿಲ್ಲಿಸುತ್ತಾರೆ. ಎದುರಿಗೆ ಸಿಕ್ಕರೆ ನಗುತ್ತಾರೆ. ಇದಕ್ಕೆ ಯಾವ ಠಾಣೆಯಲ್ಲಿ ದೂರು ಕೊಡಲಿ? ಐದನೇ ದಿನ ಜಾಗದ ಮಾಲೀಕರು ಬಂದು 'ಅಂಗಡಿ ಖಾಲಿ ಮಾಡಿದರೆ ಅನುಕೂಲ ಆಗ್ತಿತ್ತು' ಅಂದರು. ಹನ್ನೊಂದು ದಿನ ನನ್ನ ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಕೇರಿಯವರು ಕೊಟ್ಟ ದುಡ್ಡು ಮಾತ್ರ. ಹನ್ನೆರಡನೇ ದಿನ ಹಿರಿಯರು ಕರೆಸಿ ರಾಜಿ ಮಾಡಿಸಿದರು. ಕೇರಿಯವರು ಸಂಜೆ ಏಳರ ಮೇಲೆ ಬರಲಿ, ಅವರಿಗೆ ಬೇರೆ ಟವೆಲ್, ಬೇರೆ ಕತ್ತರಿ ಇಡು, ಎರಡೂ ಕಡೆಯವರಿಗೆ ಸಮಾಧಾನ.

ಒಪ್ಪಿಕೊಂಡೆ. ಒಂದು ತಿಂಗಳು ಹಾಗೇ ನಡೆಸಿದೆ. ಇದನ್ನು ಬರೆಯುವಾಗ 1996ರ ಮಾತು ಬರೆದದ್ದಕ್ಕಿಂತ ಹೆಚ್ಚು ನಾಚಿಕೆ ಆಗುತ್ತಿದೆ. ಅದಕ್ಕೇ ತಮ್ಮ ಎರಡನೆಯ ಮಾತು ತಪ್ಪು ಅಂದೆ. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡೋದು ಅಂದರೆ ನೆಲದ ಮೇಲೆ ಹೀಗೇ ಆಗೋದು. ಒಬ್ಬರು ಬಿಟ್ಟುಕೊಟ್ಟದ್ದು ಜಂಭ, ಅದೂ ಸಂಜೆ ಏಳರ ಮೇಲೆ. ಇನ್ನೊಬ್ಬರು ಬಿಟ್ಟುಕೊಟ್ಟದ್ದು ಮಾನ. ಇದು ಸಮಪಾಲು ಆಗುತ್ತದಾ?

ಹುಣ್ಣಿಮೆಗೆ ಮಗ ಊರಿಗೆ ಬಂದ. ಮೊಳೆಗೆ ನೇತುಹಾಕಿದ್ದ ಎರಡು ಟವೆಲ್ ನೋಡಿದ. ಬೈಯಲಿಲ್ಲ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿ, ಸೋಪು ಹಚ್ಚಿ ಒಗೆದು, ಒಂದೇ ಹಗ್ಗಕ್ಕೆ ಒಣಗಲು ಹಾಕಿದ. ಎರಡೂ ಒಂದೇ ಬಣ್ಣ, ಒಂದೇ ಅಂಗಡಿಯಲ್ಲಿ ತಂದದ್ದು. 'ಈಗ ಯಾವುದು ಯಾರ್ದು ಹೇಳಪ್ಪಾ' ಅಂದ. ಹೇಳಲಿಕ್ಕೆ ಆಗಲಿಲ್ಲ. ಅವತ್ತಿಗೆ ಆ ರಾಜಿ ಮುಗಿಯಿತು.

ಜನ ಹೇಗೆ ವಾಪಸ್ ಬಂದರು ಅಂತೀರಾ? ಮನಸ್ಸು ಬದಲಾಗಿ ಬಂದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಮದುವೆ ಸೀಸನ್ ಬಂತು, ತಾಲ್ಲೂಕಿಗೆ ಹೋಗಿ ಬರಲಿಕ್ಕೆ ಅರ್ಧ ದಿನ ಹಾಳು. ಗಡ್ಡಕ್ಕೆ ಜಾತಿ ನೆನಪಿರಲ್ಲ, ಬೆಳೆದೇ ಬೆಳೆಯುತ್ತದೆ. ಒಬ್ಬೊಬ್ಬರೇ ಬಂದರು. ಮೊದಮೊದಲು ಬೆಂಚಿನ ತುದಿಯಲ್ಲಿ ಕೂತರು, ಆಮೇಲೆ ಮಾತಿಗೆ ಮಾತು ಸೇರಿತು. ಮೂರು ಮನೆಯವರು ಇವತ್ತಿಗೂ ಬರಲ್ಲ. ಬರದಿರಲಿ ಬಿಡಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಮರುದಿನ ನನ್ನ ಬೆಂಚು ನೋಡಬೇಕಿತ್ತು ತಾವು. ಗೌಡರ ಅಳಿಯ, ಕೇರಿಯ ಕೂಲಿ ಮಾಡುವ ಹುಡುಗ, ಟ್ರ್ಯಾಕ್ಟರ್ ಓಡಿಸುವ ಸಾಬರ ಹುಡುಗ, ಮೂವರೂ ಒಂದೇ ಮೊಬೈಲಿಗೆ ತಲೆ ಬಗ್ಗಿಸಿದ್ದರು. ಎಡದಂಡೆ ಕಾಲುವೆಯ ನೀರು ಹೋದರೆ ಒಬ್ಬನಿಗೆ ಭತ್ತ ಇಲ್ಲ, ಒಬ್ಬನಿಗೆ ಕೂಲಿ ಇಲ್ಲ, ಇನ್ನೊಬ್ಬನಿಗೆ ಬಾಡಿಗೆ ಇಲ್ಲ. 33 ಗೇಟಿನಲ್ಲಿ ಒಂದು ಹೋದರೆ ಡ್ಯಾಮೇ ಖಾಲಿ ಆಗುತ್ತದೆ ಅನ್ನೋ ಭಯ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ಅಡ್ಡಹಲಗೆ ಇಳಿಸಿ ಅದನ್ನು ಮುಚ್ಚುವ ತನಕ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆ ಕೆಲಸ ಮಾಡಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಜಾತಿ ಯಾವುದು ಅಂತ ಆ ವಾರ ಯಾರೂ ಕೇಳಲಿಲ್ಲ.

ಅದೇ ಆಗಸ್ಟಿನಲ್ಲಿ ನಮ್ಮದೇ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕಟಿಂಗ್ ವಿಷಯಕ್ಕೆ ಶುರುವಾದ ಜಗಳದಲ್ಲಿ ಒಬ್ಬ ದಲಿತ ಯುವಕನ ಕೊಲೆ ಆಯಿತು. ಬಂಧನವಾದವನು ನಮ್ಮ ಕಸುಬಿನವನೇ. ಆ ಸುದ್ದಿ ಓದಿದ ದಿನ ಕತ್ತರಿ ಕೈಗೆತ್ತಿಕೊಳ್ಳಲಿಕ್ಕೆ ಮನಸ್ಸಾಗಲಿಲ್ಲ. ಎರಡು ತಿಂಗಳಿಗೆ, ಅಕ್ಟೋಬರಿನಲ್ಲಿ, ಗಂಗಾವತಿ ತಾಲ್ಲೂಕಿನ ಮರಕುಂಬಿಯ ತೀರ್ಪು ಬಂತು. 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಲ್ಲಿಯ ವೈಮನಸ್ಸಿನ ಬುಡದಲ್ಲೂ ಕ್ಷೌರದಂಗಡಿ, ಹೋಟೆಲು ಇದ್ದವು. ಆಮೇಲೆ ಹೈಕೋರ್ಟು, ಜಾಮೀನು, ಅದು ಬೇರೆ ಕಥೆ. ನನಗೆ ಕಂಡದ್ದು ಇಷ್ಟು: ಹೆಚ್ಚುಕಡಿಮೆ ಒಂದು ಊರಿನಷ್ಟು ಜನ ಒಮ್ಮೆಲೇ ಜೈಲಿಗೆ ಹೋಗುವಷ್ಟು ದೊಡ್ಡದು ನಮ್ಮ ಕುರ್ಚಿಯ ಪ್ರಶ್ನೆ.

ಕಾನೂನು ಇಲ್ಲ ಅಂತಲ್ಲ, ಜಾತಿ ನೋಡಿ ಯಾರನ್ನೂ ಅಂಗಡಿಯಿಂದ ಹೊರಗಿಡಬಾರದು ಅಂತ ಸಂವಿಧಾನದಲ್ಲೇ ಇದೆ. 1948ರಲ್ಲಿ ಸಂವಿಧಾನ ಸಭೆಯಲ್ಲೇ ಕ್ಷೌರದಂಗಡಿಯ ಮಾತು ಬಂದಿತ್ತಂತೆ. ಸೇವೆ ಕೊಡುವ ಜಾಗವೆಲ್ಲ ಅಂಗಡಿನೇ ಎಂದು ಅಂಬೇಡ್ಕರ್ ಅವರು ಸ್ಪಷ್ಟ ಮಾಡಿದ್ದರು. ಇದನ್ನು ನನಗೆ ಹೇಳಿದ್ದು ನನ್ನ ಗಿರಾಕಿ, ಒಬ್ಬ ನಿವೃತ್ತ ಮಾಸ್ತರು. ಅವರೇ ಇನ್ನೊಂದು ವಿಷಯವನ್ನೂ ಹೇಳಿದರು. ಬ್ಲೇಡು, ಕ್ರೀಮು ತರಲು ಕೊಪ್ಪಳಕ್ಕೆ ಹೋದಾಗ ಪಾಲ್ಕಿಗುಂಡು ನೋಡಿಕೊಂಡು ಬಾ ಅಂದರು.

ಹೋದೆ. ಗುಡ್ಡ ಹತ್ತಿದರೆ ಛತ್ರಿಯ ಹಾಗೆ ನಿಂತ ಬಂಡೆ, ಅದರ ಕೆಳಗೆ ಅಶೋಕನ ಶಾಸನ. ಬ್ರಾಹ್ಮಿ ಲಿಪಿ, ನನಗೆ ಓದಲಿಕ್ಕೆ ಎಲ್ಲಿ ಬರಬೇಕು. ಇದೇ ಶಾಸನ ಗವಿಮಠದ ಗುಡ್ಡದಲ್ಲೂ ಇದೆ, ಅತ್ತ ಮಸ್ಕಿಯ ಬಂಡೆಯಲ್ಲೂ ಇದೆ. ಮಾಸ್ತರು ಅರ್ಥ ಹೇಳಿದ್ದರು. ರಾಜ ಹೇಳುತ್ತಾನೆ: ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಅದರಲ್ಲಿ ಒಂದು ವರ್ಷ ಸರಿಯಾಗಿ ಪ್ರಯತ್ನವನ್ನೇ ಮಾಡಲಿಲ್ಲ. ಆಮೇಲೆ ಹೇಳುತ್ತಾನೆ: ಇದು ದೊಡ್ಡವರಿಗೆ ಮಾತ್ರ ಆಗುವಂಥದ್ದಲ್ಲ, ಸಣ್ಣವನೂ ಪಟ್ಟುಹಿಡಿದರೆ ಆಗುತ್ತದೆ.

ಇಷ್ಟು ದೊಡ್ಡ ರಾಜ, 'ಒಂದು ವರ್ಷ ಸೋಮಾರಿತನ ಮಾಡಿದೆ' ಅಂತ ಕಲ್ಲಿನ ಮೇಲೆ ಬರೆಸಿದ್ದಾನೆ. ನಾನು ಅಲ್ಲೇ ಕೂತು ನಕ್ಕುಬಿಟ್ಟೆ. ಅವನದು ಒಂದು ವರ್ಷ, ನನ್ನದು ಇಪ್ಪತ್ತೇಳು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಹತ್ತಿರ ತಮ್ಮ ಹುಟ್ಟುಹಬ್ಬದ ಬ್ಯಾನರ್ ಇತ್ತು. ಅದರ ಮೇಲೆ ಒಂದು ತಪ್ಪೂ ಬರೆದಿರಲಿಲ್ಲ. ತಪ್ಪು ತಿಳಿಯಬೇಡಿ.

ಕೂಡಿ ಬಾಳೋದು ನಮ್ಮ ಜನಕ್ಕೆ ಗೊತ್ತಿಲ್ಲ ಅಂತ ಹೇಳಬೇಡಿ. ನಮ್ಮೂರಲ್ಲಿ ಮುಸ್ಲಿಮರ ಮನೆ ನಾಲ್ಕೇ, ಮೊಹರಂ ಬಂದರೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕೋದು ಇಡೀ ಊರು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಊರೂರಿಂದ ಜೋಳದ ರೊಟ್ಟಿ ಹೋಗುತ್ತದೆ. ಗೌಡರ ಮನೆಯದು, ಕೇರಿಯದು, ನಮ್ಮನೆಯದು ಎಲ್ಲಾ ಒಂದೇ ರಾಶಿಗೆ ಬೀಳುತ್ತದೆ, ನನ್ನ ಮಗ ಒಗೆದ ಟವೆಲ್ಲಿನ ಹಾಗೆ. ಯಾರ ರೊಟ್ಟಿ ಯಾರ ತಟ್ಟೆಗೆ ಬಂತೋ ಯಾರಿಗೆ ಗೊತ್ತು. ಹಬ್ಬ, ಜಾತ್ರೆ ಮುಗಿದ ಮೇಲೆ ಬರುವ ಮಾಮೂಲಿ ದಿನಗಳದ್ದೇ ಕಷ್ಟ.

ಆ ಮಾಮೂಲಿ ದಿನಗಳಿಗೆ ತಮ್ಮಿಂದ ಒಂದು ಕೆಲಸ ಆಗಬೇಕು. ಹಳ್ಳಿಗಳಲ್ಲಿ ನಮ್ಮವರ ಅಂಗಡಿ ಹೆಚ್ಚಾಗಿ ಬೇರೆಯವರ ಜಾಗದಲ್ಲೇ ಇರೋದು. ಎಲ್ಲರಿಗೂ ಕೆಲಸ ಮಾಡುತ್ತೇನೆ ಅಂದ ದಿನ ಮೊದಲು ಹೋಗೋದು ಆ ಜಾಗ. ಅದಕ್ಕೇ ಎಷ್ಟೋ ಊರಲ್ಲಿ ನಮ್ಮವರು ಅತ್ತ ಮಾಡಲೂ ಆಗದೆ, ಇತ್ತ ಇಲ್ಲ ಅನ್ನಲೂ ಆಗದೆ, ಅಂಗಡಿಗೇ ಬೀಗ ಹಾಕುತ್ತಾರೆ. ತಮ್ಮ ನಿಧಿಯಲ್ಲಿ ಒಂದೊಂದು ಗ್ರಾಮ ಪಂಚಾಯಿತಿಯಲ್ಲಿ ಒಂದೊಂದು ಸಣ್ಣ ಮಳಿಗೆ ಕಟ್ಟಿಸಿ, ಕಡಿಮೆ ಬಾಡಿಗೆಗೆ ಕ್ಷೌರಿಕರಿಗೆ ಕೊಡಿಸಿ. ಯಾರು ಬಂದರೂ ಕೆಲಸ ಮಾಡಬೇಕು, ದರದ ಬೋರ್ಡು ಹೊರಗೆ ಇರಬೇಕು ಅಂತ ಕರಾರು ಬರೆಸಿಕೊಳ್ಳಿ. ಆಗ ನಾವು 'ಏನ್ ಮಾಡ್ಲಿ ಗೌಡ್ರೇ, ಪಂಚಾಯಿತಿ ಕರಾರು' ಅನ್ನಬಹುದು. ಎಲ್ಲರಿಗೂ ನನ್ನ ಮಗನಂಥ ಮಗ ಇರಲ್ಲ. ಒಂದು ಕರಾರಾದರೂ ಇರಲಿ.

ಇನ್ನೊಂದು ಸಣ್ಣ ಕೆಲಸ. ಜಗಳ ಆದ ಮೇಲೆ ಸಭೆ ಮಾಡಲು ಬರುವ ಬದಲು, ಏನೂ ಆಗದ ಒಂದು ದಿನ ಯಾವುದಾದರೂ ಹಳ್ಳಿಯ ಕಟಿಂಗ್ ಅಂಗಡಿಗೆ ಬನ್ನಿ. ಕೇರಿಯ ಮುದುಕನ ಪಕ್ಕ ಬೆಂಚಿನ ಮೇಲೆ ಕೂರಿ. ಅವನ ಸರದಿ ಮುಗಿದ ಮೇಲೆ ಅದೇ ಕುರ್ಚಿ, ಅದೇ ಕತ್ತರಿಯಲ್ಲಿ ಕೂದಲು ಕತ್ತರಿಸಿಕೊಳ್ಳಿ. ಟಿವಿಯವರನ್ನು ಕರೆತರಬೇಡಿ. ಊರೊಳಗೆ ಆ ಸುದ್ದಿ ತಾನೇ ಓಡಾಡುತ್ತದೆ.

ನನ್ನ ಆ ಗೆಳೆಯನಿಗೆ ರಾಯಚೂರಿನ ನೌಕರಿ ಸಿಗಲಿಲ್ಲ. ಊರಲ್ಲೇ ಇದ್ದಾನೆ. ಹೋದ ವರ್ಷ ಹೊಲದ ಬದುವಿನ ಮೇಲೆ ಸಿಕ್ಕಾಗ 'ಅವತ್ತು ಕತ್ರಿ ಮೊಂಡಾಗಿರಲಿಲ್ಲೋ' ಅಂದೆ. 'ಗೊತ್ತೈತಿ' ಅಂದ. ಬೀಡಿ ಹಚ್ಚಿದ, ನನಗೂ ಒಂದು ಕೊಟ್ಟ. ಇವತ್ತಿಗೂ ಕಟಿಂಗಿಗೆ ತಾಲ್ಲೂಕಿಗೇ ಹೋಗುತ್ತಾನೆ. ಅವನ ಮೊಮ್ಮಗ ಮಾತ್ರ ನನ್ನ ಹತ್ತಿರ ಬರುತ್ತಾನೆ, ತಲೆ ಅಲ್ಲಾಡಿಸದೆ ಕೂರು ಅಂದರೆ ಕೇಳಲ್ಲ.

ತಾವು ಬರೋದಾದರೆ ಮಂಗಳವಾರ ಬಿಟ್ಟು ಯಾವ ದಿನವಾದರೂ ಬನ್ನಿ. ಭಾನುವಾರ ಜನ ಜಾಸ್ತಿ, ಒಂದು ತಾಸು ಕಾಯಬೇಕಾದೀತು. ಗನ್‌ಮ್ಯಾನ್ ಹೊರಗೇ ನಿಲ್ಲಲಿ, ಒಳಗೆ ಜಾಗ ಸಾಲಲ್ಲ. ಕಟಿಂಗ್ 80 ರೂಪಾಯಿ, ಶೇವಿಂಗ್ 40. ಚಿಲ್ಲರೆ ತನ್ನಿ.

ಇಂತಿ,
ತಮ್ಮ ಕ್ಷೇತ್ರದ ಒಬ್ಬ ಕ್ಷೌರಿಕ